ಗುರುತಿಸುವ ಮನಸ್ಸು, ವಿಚಾರಿಸುವ ಮೆದುಳು: ಸ್ಮರಣೆಯಲ್ಲಿ ಲಲಾಟಭಾಗದ ಪಾತ್ರ

ಶಾಲೆಯ ವಾರ್ಷಿಕೋತ್ಸವದ ದಿನ, ಮೂವತ್ತು ವರ್ಷಗಳ ಹಿಂದೆ ಓದು ಮುಗಿಸಿ ಹೊರಟ ಹಳೆಯ ವಿದ್ಯಾರ್ಥಿಯೊಬ್ಬ ಅಂಗಳಕ್ಕೆ ಬಂದು ನಿವೃತ್ತ ಗುರುಗಳ ಪಾದ ಮುಟ್ಟಿ ನಮಸ್ಕರಿಸುತ್ತಾನೆ. ಗುರುಗಳು ಕನ್ನಡಕ ಸರಿಪಡಿಸಿಕೊಂಡು ಅವನ ಮುಖವನ್ನೇ ದಿಟ್ಟಿಸುತ್ತಾರೆ. "ಮುಖಪರಿಚಯವಿದೆಯಪ್ಪಾ, ಯಾರೆಂಬುದು ಮಾತ್ರ ಹೊಳೆಯುತ್ತಿಲ್ಲ" ಎನ್ನುತ್ತಾರೆ. "ಪ್ರಸಾದನಿಲಯದಲ್ಲಿದ್ದೆ ಗುರುಗಳೇ, ಬೆಳಗಿನ ಗಂಟೆ ಬಾರಿಸುತ್ತಿದ್ದವನು" ಎಂದು ಆತ ನೆನಪಿಸುತ್ತಾನೆ. ಗುರುಗಳ ಮುಖ ಅರಳುತ್ತದೆ. ಆದರೂ ಅವರು ಒಂದು ಪ್ರಶ್ನೆ ಕೇಳಿಯೇ ಮಾತು ಮುಂದುವರಿಸುತ್ತಾರೆ: "ನಿಮ್ಮ ಮನೆಯಿಂದ ಇಬ್ಬರು ಬಂದಿದ್ದಿರಲ್ಲ, ನೀನು ಅಣ್ಣನೋ ತಮ್ಮನೋ?"

ಇಂಥ ದೃಶ್ಯ ಯಾವ ಶಾಲೆಯ ಅಂಗಳಕ್ಕೂ ಹೊಸದಲ್ಲ. ಆದರೆ ಅರ್ಧ ನಿಮಿಷದಲ್ಲಿ ಮುಗಿದುಹೋಗುವ ಈ ಭೇಟಿಯಲ್ಲಿ ಮನಸ್ಸಿನ ಮೂರು ವ್ಯಾಪಾರಗಳು ಅಡಗಿವೆ. ಮೊದಲು ಪರಿಚಯದ ಭಾವ ಮೂಡುತ್ತದೆ. ಅನಂತರ ಹಳೆಯ ಸನ್ನಿವೇಶ ನೆನಪಿಗೆ ಬರುತ್ತದೆ. ಕೊನೆಗೆ ಆ ನೆನಪು ಸರಿಯೇ ಎಂಬ ವಿಚಾರಣೆ ನಡೆಯುತ್ತದೆ. ಮೊದಲಿನ ಎರಡನ್ನು ಸ್ಮರಣಶಕ್ತಿಯೆಂದು ಎಲ್ಲರೂ ಒಪ್ಪುತ್ತಾರೆ. ಮೂರನೆಯದನ್ನೂ ಸ್ಮರಣೆಯ ಅವಿಭಾಜ್ಯ ಅಂಗವೆಂದು ಪರಿಗಣಿಸಬೇಕು, ಅದು ಕುಂದಿದರೆ ನೆನಪಿದ್ದೂ ಮನುಷ್ಯ ಮೋಸಹೋಗುತ್ತಾನೆ ಎಂಬುದು ಕಳೆದ ಏಳು ದಶಕಗಳ ಮೆದುಳಿನ ಅಧ್ಯಯನದಿಂದ ತಿಳಿದುಬಂದಿರುವ ಮುಖ್ಯ ವಿಚಾರ. ಈ ವಿಚಾರಣೆಯಲ್ಲಿ ಪ್ರಧಾನ ಪಾತ್ರ ವಹಿಸುವುದು ಹಣೆಯ ಹಿಂದಿರುವ ಮೆದುಳಿನ ಮುಂಭಾಗ.

ಪ್ರತ್ಯಭಿಜ್ಞೆಯ ಸ್ವರೂಪ

ಹಿಂದೆ ಕಂಡದ್ದನ್ನು ಮತ್ತೆ ಕಂಡಾಗ ಅದೇ ಇದು ಎಂದು ತಿಳಿಯುವುದಕ್ಕೆ ಭಾರತೀಯ ದಾರ್ಶನಿಕರು ಪ್ರತ್ಯಭಿಜ್ಞೆ ಎಂಬ ಹೆಸರನ್ನಿತ್ತಿದ್ದಾರೆ. ಅಂದು ಕಂಡ ದೇವದತ್ತನೇ ಇಂದು ಇಲ್ಲಿ ನಿಂತಿರುವವನು ಎಂಬುದು ಇದಕ್ಕೆ ಶಾಸ್ತ್ರಗ್ರಂಥಗಳಲ್ಲಿ ಬರುವ ಪ್ರಸಿದ್ಧ ಉದಾಹರಣೆ. ಕಣ್ಣೆದುರಿಗಿರುವ 'ಇವನು' ಪ್ರತ್ಯಕ್ಷಕ್ಕೆ ಸೇರಿದವನು. 'ಅವನು' ನೆನಪಿಗೆ ಸೇರಿದವನು. ಇವೆರಡೂ ಒಂದೇ ಎಂಬ ಜ್ಞಾನವನ್ನು ಪ್ರತ್ಯಕ್ಷವೆನ್ನಬೇಕೋ ಸ್ಮೃತಿಯೆನ್ನಬೇಕೋ ಎಂಬ ಬಗ್ಗೆ ನಮ್ಮ ದರ್ಶನಗಳಲ್ಲಿ ದೀರ್ಘವಾದ ವಾದವೇ ನಡೆದಿದೆ. ಆಧುನಿಕ ಮನೋವಿಜ್ಞಾನ ಬೇರೊಂದು ದಾರಿಯಿಂದ ಬಂದು ಇದೇ ಕೂಡುತಾಣದಲ್ಲಿ ನಿಂತು ಪ್ರಶ್ನೆ ಕೇಳುತ್ತಿದೆ: 'ಅವನೇ ಇವನು' ಎಂಬ ತೀರ್ಪನ್ನು ಮೆದುಳು ಯಾವ ಆಧಾರದ ಮೇಲೆ ಕೊಡುತ್ತದೆ?

ಗುರುತಿಸುವುದು ಎರಡು ಬಗೆಯಲ್ಲಿ ನಡೆಯುತ್ತದೆಂದು ಜಾರ್ಜ್ ಮ್ಯಾಂಡ್ಲರ್ ಎಂಬ ಮನೋವಿಜ್ಞಾನಿ 1980ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಿವರಿಸಿದರು. ದಿನವೂ ಅಂಗಡಿಯಲ್ಲಿ ಕಾಣುವ ವ್ಯಾಪಾರಿಯೊಬ್ಬ ಒಂದು ದಿನ ಬಸ್ಸಿನಲ್ಲಿ ಎದುರು ಕುಳಿತಿರುತ್ತಾನೆ. ಈತನನ್ನು ಎಲ್ಲೋ ನೋಡಿರುವುದು ನಿಶ್ಚಯ. ಎಲ್ಲಿ ಎಂಬುದು ಮಾತ್ರ ಹೊಳೆಯುವುದಿಲ್ಲ. ಇದು ಬರಿಯ ಪರಿಚಯಭಾವ. ಸ್ವಲ್ಪ ಹೊತ್ತಿನ ಮೇಲೆ ಅಂಗಡಿ, ತಕ್ಕಡಿ, ಅಲ್ಲಿಯ ಮಾತುಕತೆ ಎಲ್ಲವೂ ಕಣ್ಮುಂದೆ ಬಂದರೆ ಅದು ಸನ್ನಿವೇಶಸಹಿತವಾದ ಸ್ಮರಣೆ. ಪರಿಚಯಭಾವ ಕ್ಷಣಮಾತ್ರದಲ್ಲಿ, ಪ್ರಯತ್ನವಿಲ್ಲದೆ ಉಂಟಾಗುತ್ತದೆ. ಸನ್ನಿವೇಶಸ್ಮರಣೆಗೆ ಕಾಲ ಬೇಕು, ಅನೇಕ ವೇಳೆ ಪ್ರಯತ್ನವೂ ಬೇಕು. ಇವೆರಡರ ನಡುವಣ ಅಂತರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ವಿಷಯ ಸುಲಭವಾಗಿ ತಿಳಿಯುತ್ತದೆ.

ದಾಖಲೆಯ ಸ್ಥಾನ

ಸ್ಮರಣೆ ಮೆದುಳಿನ ಯಾವ ಭಾಗದಲ್ಲಿ ನೆಲೆಗೊಳ್ಳುತ್ತದೆ ಎಂಬ ಪ್ರಶ್ನೆಗೆ ದೊಡ್ಡ ಬೆಳಕು ಚೆಲ್ಲಿದವನು ಅಮೆರಿಕದ ಒಬ್ಬ ರೋಗಿ. ಬಾಲ್ಯದಿಂದ ಮೂರ್ಛೆರೋಗದಿಂದ ನರಳುತ್ತಿದ್ದ ಹೆನ್ರಿ ಮೊಲೈಸನ್‌ಗೆ 1953ರಲ್ಲಿ, ಆತನ 27ನೆಯ ವಯಸ್ಸಿನಲ್ಲಿ, ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯರು ಶಸ್ತ್ರಚಿಕಿತ್ಸೆ ನಡೆಸಿದರು. ಮೆದುಳಿನ ಎರಡೂ ಪಕ್ಕಗಳಲ್ಲಿ, ಕಿವಿಗಳ ಒಳಮಗ್ಗುಲಿಗೆ ಬರುವ ಟೆಂಪೊರಲ್ ಹಾಲೆಗಳ ಒಳಭಾಗವನ್ನು, ಹಿಪ್ಪೊಕ್ಯಾಂಪಸ್ ಎಂಬ ಅಂಗದ ಬಹುಭಾಗವನ್ನೂ ಕೂಡಿಸಿ, ತೆಗೆದುಹಾಕಲಾಯಿತು. ಮೂರ್ಛೆ ಕಡಿಮೆಯಾಯಿತು. ಆದರೆ ಅಂದಿನಿಂದ ಆತನಿಗೆ ಹೊಸ ಅನುಭವಗಳಾವುವೂ ಉಳಿಯದಾದವು. ಆತನನ್ನು ಪರೀಕ್ಷಿಸಲು ವರ್ಷಗಟ್ಟಲೆ ಬರುತ್ತಿದ್ದ ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಪ್ರತಿ ಸಲವೂ ತಮ್ಮ ಪರಿಚಯವನ್ನು ಹೊಸದಾಗಿ ಹೇಳಿಕೊಳ್ಳಬೇಕಾಗುತ್ತಿತ್ತು. ಸ್ಕೋವಿಲ್ ಮತ್ತು ಮಿಲ್ನರ್ 1957ರಲ್ಲಿ ಪ್ರಕಟಿಸಿದ ವರದಿ ಸ್ಮರಣವಿಜ್ಞಾನದಲ್ಲಿ ಒಂದು ಮೈಲಿಗಲ್ಲಾಯಿತು. ಎಚ್.ಎಂ. ಎಂಬ ಎರಡು ಅಕ್ಷರಗಳಿಂದಲೇ ಪ್ರಸಿದ್ಧನಾಗಿದ್ದ ಈತನ ಪೂರ್ಣ ಹೆಸರು ಲೋಕಕ್ಕೆಲ್ಲ ತಿಳಿದದ್ದು 2008ರಲ್ಲಿ ಆತ ತೀರಿಕೊಂಡ ಬಳಿಕ.

ಇದರಿಂದ ಹೊಸ ಅನುಭವಗಳನ್ನು ದಾಖಲಿಸಲು ಹಿಪ್ಪೊಕ್ಯಾಂಪಸ್ ಮತ್ತು ಅದರ ಸುತ್ತಲಿನ ಭಾಗಗಳು ಅತ್ಯಗತ್ಯವೆಂಬುದು ಸ್ಥಾಪಿತವಾಯಿತು. ಹಾಗಾದರೆ ಇಡೀ ಪ್ರತ್ಯಭಿಜ್ಞೆಯ ಕೆಲಸ ಅಲ್ಲಿಯೇ ಮುಗಿಯುತ್ತದೆಯೇ? ಇಲ್ಲವೆಂಬುದನ್ನು ತೋರಿಸಿಕೊಟ್ಟವರಲ್ಲಿ ಅದೇ ಮಿಲ್ನರ್ ಅವರೂ ಒಬ್ಬರು.

ಲಲಾಟ ಹಾಲೆಯ ಸಾಕ್ಷ್ಯ

ಹಣೆಯ ಹಿಂದೆ ಹರಡಿಕೊಂಡಿರುವ ಭಾಗಕ್ಕೆ ಆಂಗ್ಲರು ಫ್ರಾಂಟಲ್ ಲೋಬ್ ಎನ್ನುತ್ತಾರೆ; ಕನ್ನಡದಲ್ಲಿ ಲಲಾಟ ಹಾಲೆ ಎನ್ನಬಹುದು. ಮನುಷ್ಯನ ಮೆದುಳಿನ ಹೊರಪದರದಲ್ಲಿ ಸರಿಸುಮಾರು ಮೂರನೆಯ ಒಂದು ಪಾಲು ಇದಕ್ಕೇ ಸೇರಿದೆ. ಯೋಜಿಸುವುದು, ತಡೆದುಕೊಳ್ಳುವುದು, ಒಂದು ಗುರಿಯನ್ನು ಮನಸ್ಸಿನಲ್ಲಿ ಹಿಡಿದು ಕೆಲಸ ಮಾಡುವುದು ಇದರ ಕಾರ್ಯಗಳೆಂದು ಹಿಂದಿನಿಂದ ತಿಳಿದಿತ್ತು. ಸ್ಮರಣೆಯಲ್ಲಿ ಇದರ ಪಾತ್ರ ಬೆಳಕಿಗೆ ಬಂದದ್ದು ಸಾವಕಾಶವಾಗಿ.

ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಮಿಲ್ನರ್ ಮತ್ತು ಫಿಲಿಪ್ ಕಾರ್ಸಿ ರೋಗಿಗಳಿಗೆ ಒಂದು ಸರಳವಾದ ಪರೀಕ್ಷೆ ಕೊಟ್ಟರು. ಪದಗಳನ್ನೋ ಚಿತ್ರಗಳನ್ನೋ ಹೊತ್ತ ಕಾರ್ಡುಗಳನ್ನು ಒಂದಾದ ಮೇಲೊಂದರಂತೆ ತೋರಿಸುವುದು. ನಡುನಡುವೆ ಎರಡನ್ನು ಜೊತೆಯಾಗಿ ಮುಂದಿಟ್ಟು ಇವುಗಳಲ್ಲಿ ಇತ್ತೀಚೆಗೆ ಕಂಡದ್ದು ಯಾವುದು ಎಂದು ಕೇಳುವುದು. ಎರಡರಲ್ಲಿ ಒಂದು ಹೊಚ್ಚಹೊಸದಾಗಿದ್ದರೆ ಪ್ರಶ್ನೆ ಕೇವಲ ಗುರುತಿಸುವಿಕೆಯದಾಗುತ್ತದೆ. ಲಲಾಟ ಹಾಲೆಗೆ ಪೆಟ್ಟಾಗಿದ್ದವರು ಈ ಗುರುತಿಸುವ ಭಾಗದಲ್ಲಿ ಇತರರಂತೆಯೇ ಸರಿಯಾಗಿ ಉತ್ತರಿಸಿದರು. ಆದರೆ ಎರಡನ್ನೂ ಮೊದಲೇ ಕಂಡಿದ್ದಾಗ, ಹಿಂದಿನದು ಯಾವುದು ಮುಂದಿನದು ಯಾವುದು ಎಂದು ಹೇಳಲಾರದೆ ತಡವರಿಸಿದರು. ಎಡಭಾಗಕ್ಕೆ ಪೆಟ್ಟಾದವರಲ್ಲಿ ಪದಗಳ ವಿಷಯದಲ್ಲಿಯೂ ಬಲಭಾಗಕ್ಕೆ ಪೆಟ್ಟಾದವರಲ್ಲಿ ಚಿತ್ರಗಳ ವಿಷಯದಲ್ಲಿಯೂ ಈ ದೋಷ ಎದ್ದುಕಂಡಿತು. ಕಂಡಿರುವುದು ಗೊತ್ತು, ಯಾವಾಗ ಕಂಡದ್ದೆಂಬುದು ಗೊತ್ತಿಲ್ಲ ಎಂಬ ಸ್ಥಿತಿ ಇದು.

1989ರಲ್ಲಿ ಅಮೆರಿಕದ ಜನೋವ್ಸ್ಕಿ, ಶಿಮಾಮುರಾ ಮತ್ತು ಸ್ಕ್ವೈರ್ ಪ್ರಕಟಿಸಿದ ಅಧ್ಯಯನ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಲಲಾಟ ಹಾಲೆಗೆ ಹಾನಿಯಾದ ರೋಗಿಗಳಿಗೆ ಕೆಲವು ಸಾಮಾನ್ಯಜ್ಞಾನದ ಸಂಗತಿಗಳನ್ನು ಕಲಿಸಿ, ಸುಮಾರು ಒಂದು ವಾರದ ಬಳಿಕ ಪ್ರಶ್ನಿಸಲಾಯಿತು. ಸಂಗತಿಗಳನ್ನು ಅವರು ನೆನಪಿಟ್ಟಿದ್ದರು. ಆದರೆ ಇದನ್ನು ಎಲ್ಲಿ ತಿಳಿದಿರಿ ಎಂದು ಕೇಳಿದರೆ, ಹಿಂದಿನ ವಾರ ಪರೀಕ್ಷಕರಿಂದಲೇ ಕಲಿತದ್ದನ್ನು ಬೇರೆಲ್ಲಿಯೋ ಮೊದಲೇ ತಿಳಿದದ್ದೆಂದು ಹೇಳುವ ತಪ್ಪು ಅವರಲ್ಲಿ ಹೆಚ್ಚಾಗಿ ಕಂಡುಬಂದಿತು. ವಿಷಯ ಉಳಿದು ಅದರ ಮೂಲ ಅಳಿದುಹೋಗುವ ಈ ಸ್ಥಿತಿಗೆ ಮೂಲವಿಸ್ಮೃತಿ ಎಂಬ ಹೆಸರು ಒಪ್ಪುತ್ತದೆ.

ಶಾಲೆಯ ಕಚೇರಿಯ ದೃಷ್ಟಾಂತದಿಂದ ಇದನ್ನು ಹೀಗೆ ತಿಳಿಯಬಹುದು. ಹಿಪ್ಪೊಕ್ಯಾಂಪಸ್ ದಾಖಲಾತಿ ರಿಜಿಸ್ಟರು ಇದ್ದಂತೆ. ವರ್ಗಾವಣೆ ಪತ್ರ ಕೇಳಿ ಬಂದವನ ಹೆಸರು ಅದರಲ್ಲಿ ಸಿಕ್ಕಿತೆಂದು ಒಡನೆಯೇ ಪತ್ರ ಬರೆದುಕೊಟ್ಟರೆ ಅನಾಹುತವಾದೀತು. ಅದೇ ಹೆಸರಿನವರು ಇನ್ನಿಬ್ಬರಿರಬಹುದು. ತಂದೆಯ ಹೆಸರು, ಊರು, ಸೇರಿದ ವರ್ಷ ತಾಳೆಯಾಗುತ್ತವೆಯೇ ಎಂದು ನೋಡಿ ರುಜು ಹಾಕುವವರು ಬೇರೆ ಇರಬೇಕು. ಆ ಪರಿಶೀಲನೆಯ ಸ್ಥಾನ ಲಲಾಟ ಹಾಲೆಯದು. ರಿಜಿಸ್ಟರಿನ ಯಾವ ಪುಟ ತೆರೆಯಬೇಕೆಂದು ಹೇಳುವುದೂ, ತೆರೆದ ಪುಟ ಕೇಳಿದ್ದಕ್ಕೆ ಹೊಂದುತ್ತದೆಯೇ ಎಂದು ನೋಡುವುದೂ ಅದರ ಹೊಣೆ.

ನಿಸ್ಸಂದೇಹವಾದ ತಪ್ಪು

ಪರಿಶೀಲಿಸುವವರು ಇಲ್ಲದೆ ಹೋದರೆ ಏನಾಗುತ್ತದೆ? ಡೇನಿಯಲ್ ಶ್ಯಾಕ್ಟರ್ ಮತ್ತು ಅವರ ಸಂಗಡಿಗರು 1996ರಲ್ಲಿ ಬಿ.ಜಿ. ಎಂಬ ಸಂಕೇತದಿಂದ ವರ್ಣಿಸಿದ ರೋಗಿಯಲ್ಲಿ ಇದಕ್ಕೆ ಉತ್ತರ ದೊರೆಯುತ್ತದೆ. ರಕ್ತಸಂಚಾರ ನಿಂತು ಆತನ ಬಲ ಲಲಾಟ ಹಾಲೆಗೆ ಹಾನಿಯಾಗಿತ್ತು. ಪದಗಳ ಪಟ್ಟಿಯೊಂದನ್ನು ತೋರಿಸಿ, ಬಳಿಕ ಹೊಸ ಪದಗಳನ್ನು ಬೆರೆಸಿ ಕೇಳಿದಾಗ, ಕಂಡ ಪದಗಳನ್ನು ಆತ ಇತರರಂತೆಯೇ ಗುರುತಿಸಿದ. ಆದರೆ ಎಂದೂ ತೋರಿಸದ ಪದಗಳನ್ನೂ ಕಂಡಿದ್ದೇನೆಂದು ಬಹಳ ಹೆಚ್ಚಿನ ಸಂಖ್ಯೆಯಲ್ಲಿ, ಅದೂ ದೃಢವಾಗಿ ಹೇಳಿದ. ಹೊಸ ವಸ್ತುಗಳು ತೋರಿಸಿದವುಗಳಿಗಿಂತ ಪೂರ್ಣವಾಗಿ ಬೇರೆ ವರ್ಗಕ್ಕೆ ಸೇರಿದ್ದಾಗ ಮಾತ್ರ ಈ ತಪ್ಪು ಹೆಚ್ಚುಕಡಿಮೆ ಇಲ್ಲವಾಯಿತು. ಅಂದರೆ ಆತ ಒಂದೊಂದು ವಸ್ತುವಿನ ವಿಶೇಷ ವಿವರಗಳನ್ನು ಹುಡುಕದೆ, ಒಟ್ಟಾರೆ ಹೋಲಿಕೆಯನ್ನು ನೆಚ್ಚಿ ತೀರ್ಪು ಕೊಡುತ್ತಿದ್ದ. ಬಂದವರ ಮುಖ ಎಲ್ಲೋ ಕಂಡಂತಿದೆ ಎಂಬಷ್ಟಕ್ಕೇ ಎಲ್ಲರಿಗೂ ಪತ್ರ ಬರೆದುಕೊಡುವ ಕಚೇರಿಯಂತಾಗಿತ್ತು ಆ ಮೆದುಳು.

ಆರೋಗ್ಯವಂತರ ಮೆದುಳಿನ ಚಿತ್ರಣಗಳೂ ಇದಕ್ಕೆ ಹೊಂದುತ್ತವೆ. ಗುರುತಿನ ಬಗ್ಗೆ ಸಂದೇಹವಿರುವಾಗ, ನಿಶ್ಚಯವಿರುವಾಗಿನದಕ್ಕಿಂತ, ಬಲ ಲಲಾಟಭಾಗದ ಕೆಲವು ನೆಲೆಗಳಲ್ಲಿ ಚಟುವಟಿಕೆ ಹೆಚ್ಚುವುದು ಕಂಡುಬಂದಿದೆ. ವಿಚಾರಣೆ ಹೆಚ್ಚು ಬೇಕಾದೆಡೆ ವಿಚಾರಕನಿಗೂ ಕೆಲಸ ಹೆಚ್ಚು.

ಲಲಾಟಭಾಗದ ಕೆಲಸ ನೆನಪನ್ನು ಮರಳಿ ತರುವಾಗ ಮಾತ್ರವಲ್ಲ, ಕಲಿಯುವಾಗಲೇ ಆರಂಭವಾಗುತ್ತದೆ. 1998ರಲ್ಲಿ 'ಸೈನ್ಸ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಅಧ್ಯಯನಗಳು ಪ್ರಕಟವಾದವು. ಮೊದಲನೆಯದರಲ್ಲಿ ಪದಗಳನ್ನೂ ಎರಡನೆಯದರಲ್ಲಿ ಚಿತ್ರಗಳನ್ನೂ ನೋಡುತ್ತಿದ್ದವರ ಮೆದುಳಿನ ಚಟುವಟಿಕೆಯನ್ನು ದಾಖಲಿಸಿ, ಅನಂತರ ಯಾವುದನ್ನು ಅವರು ಗುರುತಿಸಿದರೆಂದು ಪರೀಕ್ಷಿಸಲಾಯಿತು. ಮುಂದೆ ನೆನಪುಳಿದವುಗಳನ್ನು ನೋಡುತ್ತಿದ್ದಾಗ, ಮರೆತವುಗಳಿಗಿಂತ ಹೆಚ್ಚಿನ ಚಟುವಟಿಕೆ ಲಲಾಟಭಾಗದಲ್ಲಿಯೂ ಹಿಪ್ಪೊಕ್ಯಾಂಪಸ್‌ನ ನೆರೆಯಲ್ಲಿಯೂ ತೋರಿತ್ತು. ಪದಗಳಿಗೆ ಎಡಭಾಗ, ಚಿತ್ರಗಳಿಗೆ ಬಲಭಾಗ. ಅರ್ಥವನ್ನು ಹಿಡಿದು, ಹಿಂದಿನ ಜ್ಞಾನಕ್ಕೆ ಕಟ್ಟಿ ದಾಖಲಿಸಿದ್ದು ಚೆನ್ನಾಗಿ ಉಳಿಯುತ್ತದೆಂಬ ಅಧ್ಯಾಪಕರ ಹಳೆಯ ಅನುಭವಕ್ಕೆ ಇದು ಹೊಂದಿಕೊಳ್ಳುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಲಲಾಟಭಾಗಕ್ಕೆ ಪೆಟ್ಟಾದರೆ ಪ್ರತ್ಯಭಿಜ್ಞೆಯೇ ನಾಶವಾಗುತ್ತದೆಂದು ಭಾವಿಸಬಾರದು. ಸುಳಿವಿಲ್ಲದೆ ತಾನಾಗಿ ಸ್ಮರಿಸಿ ಹೇಳುವ ಶಕ್ತಿಗೆ ಆಗುವಷ್ಟು ಹಾನಿ ಗುರುತಿಸುವ ಶಕ್ತಿಗೆ ಸಾಮಾನ್ಯವಾಗಿ ಆಗುವುದಿಲ್ಲ. ಎಡಭಾಗ ಇದಕ್ಕೆ, ಬಲಭಾಗ ಅದಕ್ಕೆ ಎಂಬ ಹಂಚಿಕೆಯೂ ಮೊದಲು ತಿಳಿದಷ್ಟು ಕಟ್ಟುನಿಟ್ಟಾದುದಲ್ಲ. ದಾಖಲಿಸುವ ಭಾಗ, ವಿಚಾರಿಸುವ ಭಾಗ ಎರಡೂ ಜೊತೆಗೂಡಿ ದುಡಿಯುತ್ತವೆ ಎನ್ನುವುದೇ ಸರಿಯಾದ ಮಾತು.

ನಿರಪರಾಧಿಯ ಕಥೆ

ಈ ವಿಚಾರ ಪ್ರಯೋಗಶಾಲೆಗಷ್ಟೇ ಸೀಮಿತವಲ್ಲ. 1970ರ ದಶಕದಲ್ಲಿ ಆಸ್ಟ್ರೇಲಿಯದಲ್ಲಿ ನಡೆದ ಒಂದು ಘಟನೆ ಇದಕ್ಕೆ ನಿದರ್ಶನ. ಡೊನಾಲ್ಡ್ ಥಾಮ್ಸನ್ ಎಂಬ ಮನೋವಿಜ್ಞಾನಿಯನ್ನು ಒಬ್ಬ ಮಹಿಳೆ ತನ್ನ ಮೇಲೆ ಆಕ್ರಮಣ ನಡೆಸಿದವನೆಂದು ಪೊಲೀಸರಿಗೆ ತೋರಿಸಿದಳು. ಆದರೆ ಆ ಕೃತ್ಯ ನಡೆದ ಹೊತ್ತಿನಲ್ಲಿ ಥಾಮ್ಸನ್ ದೂರದರ್ಶನದ ನೇರಪ್ರಸಾರದಲ್ಲಿ ಕುಳಿತು ಮಾತನಾಡುತ್ತಿದ್ದರು. ಆಕ್ರಮಣಕ್ಕೆ ಮುನ್ನ ಆಕೆ ಅದೇ ಕಾರ್ಯಕ್ರಮವನ್ನು ನೋಡುತ್ತಿದ್ದಳು. ತೆರೆಯ ಮೇಲಿನ ಮುಖ ಅಪರಾಧಿಯ ಸ್ಥಾನದಲ್ಲಿ ಬಂದು ಕುಳಿತುಬಿಟ್ಟಿತ್ತು. ಆಕೆ ಸುಳ್ಳು ಹೇಳಿರಲಿಲ್ಲ. ಮುಖದ ಪರಿಚಯವೂ ನಿಜವಾದುದೇ. ತಪ್ಪಿದ್ದು ಆ ಪರಿಚಯದ ಮೂಲ. ಭಯದ ಗಳಿಗೆಯಲ್ಲಿ ಆರೋಗ್ಯವಂತರ ಮೆದುಳಿಗೂ ಇಂಥ ಪ್ರಮಾದ ಆಗಬಲ್ಲದು. ನೇರಪ್ರಸಾರವೆಂಬ ಪ್ರಬಲ ಸಾಕ್ಷ್ಯ ಇಲ್ಲದೆ ಹೋಗಿದ್ದರೆ ನಿರಪರಾಧಿಯ ಗತಿ ಏನಾಗುತ್ತಿತ್ತೆಂಬುದನ್ನು ಊಹಿಸಿಕೊಳ್ಳಬಹುದು. ಪ್ರತ್ಯಕ್ಷದರ್ಶಿಯ ನಿಷ್ಠೆಯೂ ದೃಢತೆಯೂ ಅವನ ಗುರುತಿನ ಸತ್ಯತೆಗೆ ಪ್ರಮಾಣವಾಗಲಾರವು.

ವಯಸ್ಸು ಮತ್ತು ವಿವೇಕ

ಮೆದುಳಿನಲ್ಲಿ ನಿಧಾನವಾಗಿ ಪಕ್ವವಾಗುವ ಭಾಗಗಳಲ್ಲಿ ಲಲಾಟ ಹಾಲೆ ಪ್ರಮುಖವಾದುದು. ಅದರ ಬೆಳವಣಿಗೆ ಇಪ್ಪತ್ತನೆಯ ವಯಸ್ಸನ್ನು ದಾಟಿಯೂ ನಡೆಯುತ್ತಿರುತ್ತದೆ. ಆದುದರಿಂದ ಚಿಕ್ಕ ಮಕ್ಕಳು ಕಂಡದ್ದನ್ನು ಚೆನ್ನಾಗಿ ಗುರುತಿಸಿದರೂ, ತಾವು ಮಾಡಿದ್ದಾವುದು, ಮಾಡಬೇಕೆಂದು ಮನಸ್ಸಿನಲ್ಲಿ ಕಲ್ಪಿಸಿದ್ದಾವುದು, ಇತರರಿಂದ ಕೇಳಿದ್ದಾವುದು ಎಂಬುದನ್ನು ಬೇರ್ಪಡಿಸುವಲ್ಲಿ ಹಿರಿಯರಿಗಿಂತ ಹೆಚ್ಚು ಎಡವುತ್ತಾರೆ. ಮನೆಪಾಠ ಬರೆದಿದ್ದೇನೆಂದು ಕಣ್ಣಲ್ಲಿ ನೀರು ತಂದುಕೊಂಡು ಹೇಳುವ ಬಾಲಕ ಸುಳ್ಳುಗಾರನೇ ಆಗಿರಬೇಕಾಗಿಲ್ಲ. ಬರೆಯಬೇಕೆಂದು ಮನಸ್ಸಿನಲ್ಲಿ ಮಾಡಿಕೊಂಡದ್ದು ಬರೆದ ನೆನಪಿನೊಡನೆ ಬೆರೆತಿರಬಹುದು. ಬೆತ್ತ ಎತ್ತುವುದಕ್ಕಿಂತ, "ಎಲ್ಲಿ ಕುಳಿತು ಬರೆದೆ ಮಗು, ಯಾವ ಪುಸ್ತಕದಲ್ಲಿ ಬರೆದೆ?" ಎಂದು ಸಮಾಧಾನದಿಂದ ಕೇಳುವ ಗುರು ಅವನಿಗೆ ನೆನಪನ್ನು ಪರೀಕ್ಷಿಸುವ ವಿಧಾನವನ್ನೇ ಕಲಿಸಿದಂತಾಗುತ್ತದೆ.

ಇಳಿವಯಸ್ಸಿನಲ್ಲಿಯೂ ಇದೇ ಬಗೆಯ ವ್ಯತ್ಯಾಸ ಕಾಣುತ್ತದೆ. ಮುಖವನ್ನೂ ಸಂಗತಿಯನ್ನೂ ಗುರುತಿಸುವ ಶಕ್ತಿ ಬಹುಮಟ್ಟಿಗೆ ಉಳಿದಿದ್ದರೂ, ಯಾರು ಹೇಳಿದರು, ಯಾವಾಗ ಹೇಳಿದರು ಎಂಬ ನೆನಪು ಅದಕ್ಕಿಂತ ಹೆಚ್ಚಾಗಿ ಕುಂದುತ್ತದೆ. ಹೇಳಿದ ಕಥೆಯನ್ನೇ ಅಜ್ಜ ಅವರಿಗೇ ಮತ್ತೆ ಹೇಳಿದಾಗ ಮನೆಯ ಕಿರಿಯರು ನಗುವ ಬದಲು ತಾಳ್ಮೆ ತೋರಬೇಕಾದದ್ದು ಉಚಿತ.

ಅಧ್ಯಾಪಕರಿಗೆ ಎರಡು ಪಾಠಗಳು

ಈ ಅಧ್ಯಯನಗಳಿಂದ ತರಗತಿಗೆ ನೇರವಾಗಿ ಸಲ್ಲುವ ಪಾಠಗಳಲ್ಲಿ ಎರಡನ್ನು ಇಲ್ಲಿ ಹೇಳಬಹುದು.

ಮೊದಲನೆಯದು, ಪರಿಚಯಭಾವವನ್ನು ಜ್ಞಾನವೆಂದು ಭ್ರಮಿಸದಿರುವುದು. ಪಾಠವನ್ನು ನಾಲ್ಕು ಬಾರಿ ಓದಿದ ವಿದ್ಯಾರ್ಥಿಗೆ ಪುಟದ ಪ್ರತಿಯೊಂದು ಸಾಲೂ ಪರಿಚಿತವಾಗಿ ಕಾಣುತ್ತದೆ. ಎಲ್ಲವೂ ಬರುತ್ತದೆಂದು ಪುಸ್ತಕ ಮುಚ್ಚುತ್ತಾನೆ. ಪರೀಕ್ಷೆಯ ಕೊಠಡಿಯಲ್ಲಿ ಬಿಳಿಯ ಹಾಳೆಯ ಮುಂದೆ ಕುಳಿತಾಗ ಏನೂ ಹೊಳೆಯುವುದಿಲ್ಲ. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಅಮೆರಿಕದ ಸಂಶೋಧಕರು 2006ರಲ್ಲಿ ಇದನ್ನು ಅಳೆದು ತೋರಿಸಿದರು. ಅವರ ಒಂದು ಪ್ರಯೋಗದಲ್ಲಿ ಗದ್ಯಭಾಗವೊಂದನ್ನು ಕೆಲವರು ನಾಲ್ಕು ಸರದಿ ಓದಿದರು. ಕೆಲವರು ಒಂದು ಸರದಿ ಓದಿ, ಮೂರು ಬಾರಿ ಪುಸ್ತಕ ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ಬಳಿಕ ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರದ ಬಳಿಕ ಕೇಳಿದಾಗ ಓದಿದವರಲ್ಲಿ ಶೇಕಡ 40ರಷ್ಟು, ನೆನಪಿನಿಂದ ಬರೆದವರಲ್ಲಿ ಶೇಕಡ 61ರಷ್ಟು ವಿಷಯ ಉಳಿದಿತ್ತು. ಪುಸ್ತಕ ಮುಚ್ಚಿ ಹೇಳಿಸುವ, ಮರುದಿನ ಮತ್ತೆ ಕೇಳುವ ಹಳೆಯ ಕಾಲದ ಗುರುಗಳ ಪದ್ಧತಿಗೆ ಇದಕ್ಕಿಂತ ಸಮರ್ಥನೆ ಬೇಕಾಗಿಲ್ಲ.

ಎರಡನೆಯದು, ಮೂಲವನ್ನು ಕೇಳುವ ಅಭ್ಯಾಸ. ಅಧ್ಯಾಪಕರು ತರಗತಿಯಲ್ಲಿ ಒಂದು ಚಿಕ್ಕ ಪ್ರಯೋಗ ನಡೆಸಿ ನೋಡಬಹುದು. ಹಾಸಿಗೆ, ದಿಂಬು, ರಾತ್ರಿ, ಕನಸು, ಆಕಳಿಕೆ, ತೂಕಡಿಕೆ, ಗೊರಕೆ, ಜೋಗುಳ, ಕಂಬಳಿ, ಚಾಪೆ ಎಂಬ ಪದಗಳನ್ನು ನಿಧಾನವಾಗಿ ಓದಿ ಹೇಳಬೇಕು. ಒಂದು ಲೆಕ್ಕವನ್ನು ಮಾಡಿಸಿದ ಬಳಿಕ, ಕೇಳಿದ ಪದಗಳಲ್ಲಿ 'ನಿದ್ರೆ' ಇತ್ತೇ ಎಂದು ಪ್ರಶ್ನಿಸಬೇಕು. ಇತ್ತೆಂದು ಕೈ ಎತ್ತುವ ಮಕ್ಕಳು ಹಲವರಿರುವ ಸಂಭವವುಂಟು. ಆ ಪದ ಪಟ್ಟಿಯಲ್ಲಿಲ್ಲ. ಈ ಬಗೆಯ ಪರೀಕ್ಷೆಯನ್ನು ಜೇಮ್ಸ್ ಡೀಸ್ 1959ರಲ್ಲಿ ಆರಂಭಿಸಿದರು. ರೋಡಿಗರ್ ಮತ್ತು ಮ್ಯಾಕ್‌ಡರ್ಮಟ್ 1995ರಲ್ಲಿ ಬೆಳೆಸಿದರು. ಕೇಳಿದ ಪದಗಳೆಲ್ಲ ಸೂಚಿಸಿದ ಅರ್ಥವನ್ನು ಮನಸ್ಸು ಕೇಳಿದ ಪದವೆಂದೇ ದಾಖಲಿಸಿಕೊಳ್ಳುತ್ತದೆ. ಕೈ ಎತ್ತಿದ ಮಕ್ಕಳು ದಡ್ಡರಲ್ಲವೆಂದು ಗುರುಗಳು ಆಗಲೇ ತಿಳಿಸಬೇಕು. ತನ್ನ ನೆನಪೂ ತಪ್ಪಬಹುದೆಂದು ಒಮ್ಮೆ ಕಂಡುಕೊಂಡ ಮಗು, ಮುಂದೆ ಗೆಳೆಯನ ಮೇಲೆ ಕಳವಿನ ಅಪವಾದ ಹೊರಿಸುವ ಮುನ್ನ ಒಂದು ಗಳಿಗೆ ತಡೆದು ಯೋಚಿಸೀತು. ಗಾಳಿಮಾತು ಎಷ್ಟು ಸಲ ಕಿವಿಗೆ ಬಿದ್ದರೂ, ಇದನ್ನು ಹೇಳಿದವರು ಯಾರು ಎಂದು ಕೇಳುವುದನ್ನು ಕಲಿತೀತು.

ವಿದ್ಯಾಸಂಸ್ಥೆಗಳು ನೆನಪಿನ ಭಾರವನ್ನು ಮಕ್ಕಳ ಮೇಲೆ ಹೊರಿಸುವುದರಲ್ಲಿ ಹಿಂದೆ ಬಿದ್ದಿಲ್ಲ. ನೆನಪನ್ನು ವಿಚಾರಿಸುವ ಶಕ್ತಿಯನ್ನು ಬೆಳೆಸುವ ಕಡೆಗೂ ಅಷ್ಟೇ ಗಮನ ಸಲ್ಲಬೇಕು. ಹಣೆಯ ಹಿಂದಿನ ಆ ಭಾಗ ಪಕ್ವವಾಗುವ ವರ್ಷಗಳ ಬಹುಭಾಗವನ್ನು ಮಗು ಕಳೆಯುವುದು ಶಾಲೆಯಲ್ಲಿಯೇ.

ವಾರ್ಷಿಕೋತ್ಸವದ ದಿನ ಅಂಗಳದಲ್ಲಿ ನಿಂತ ವೃದ್ಧ ಗುರುಗಳು ಹಳೆಯ ಶಿಷ್ಯನ ಮುಖ ಕಂಡು ಹಿಗ್ಗಿದರು. ಗಂಟೆಯ ಮಾತು ಕೇಳಿ ಅವರಿಗೆ ಪ್ರಸಾದನಿಲಯದ ದಿನಗಳೂ ನೆನಪಾದವು. ಆದರೂ "ಅಣ್ಣನೋ ತಮ್ಮನೋ?" ಎಂದು ಕೇಳದೆ ಬಿಡಲಿಲ್ಲ. ಶಿಷ್ಯ ನಕ್ಕು, "ತಮ್ಮ, ಗುರುಗಳೇ. ಅಣ್ಣ ಎರಡು ವರ್ಷ ಮುಂದಿದ್ದ" ಎಂದಾಗಲೇ ಅವರು ಅವನನ್ನು ಹೆಸರು ಹಿಡಿದು ಕರೆದದ್ದು.